ಪರವಾನಗಿ ಬೇಡದ ಕೋವಿ

ನಾಟಿ ಮುಗಿದು ಗದ್ದೆಗಳು ಹಸಿರು ತುಂಬಿಕೊಳ್ಳುವ ಹೊತ್ತಿಗೆ, ಸೆಪ್ಟೆಂಬರ್ ಮೊದಲ ವಾರದಲ್ಲಿ, ಕೊಡಗಿಗೆ ಕೈಲ್ ಪೊಳ್ದ್ ಹಬ್ಬ ಬರುತ್ತದೆ. ಅಂದು ಮನೆಯ ಕೋವಿ, ಒಡಿಕತ್ತಿ, ಪೀಚೆಕತ್ತಿಗಳನ್ನು ಒರೆಸಿ, ದೇವರ ಕೋಣೆಯಲ್ಲಿಟ್ಟು, ‘ತೋಕ್ ಪೂ’ ಸಿಕ್ಕಿಸಿ ಪೂಜಿಸುತ್ತಾರೆ. ಕೊಡವ ಭಾಷೆಯಲ್ಲಿ ತೋಕ್ ಎಂದರೆ ಕೋವಿ, ಪೂ ಎಂದರೆ ಹೂ. ಹೂವಿಗೇ ಕೋವಿಯ ಹೆಸರಿಟ್ಟ ಜನ ಇವರು. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವು ಸಂಭವಿಸಿದರೆ ಒಂದರ ಹಿಂದೆ ಒಂದರಂತೆ ಎರಡು ಗುಂಡು. ಪುತ್ತರಿಯಲ್ಲಿ ಮೊದಲ ಕದಿರು ಕೊಯ್ಯುವಾಗಲೂ ಕೋವಿಯ ಸದ್ದು ಬೇಕು.

ಇಂಥದೇ ಒಂದು ಕೋವಿ ದೇಶದ ಸಾಮಾನ್ಯ ನಾಗರಿಕರ ಮನೆಯಲ್ಲಿ ಇರಬೇಕಾದರೆ ಸರ್ಕಾರದ ಪರವಾನಗಿ ಇರಲೇಬೇಕು. ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಅದು ಬೇಡ. ಇಂಥ ವಿನಾಯಿತಿ ಹೇಗೆ ಬಂತು, ಇಷ್ಟು ಕಾಲ ಹೇಗೆ ಉಳಿಯಿತು ಎಂಬುದು ಕುತೂಹಲಕರ.

ಕಥೆಯ ಮೂಲ ಇರುವುದು ಅರಸರ ಕಾಲದ ಜಮ್ಮಾ ಪದ್ಧತಿಯಲ್ಲಿ. ಕರೆ ಬಂದಾಗ ಆಯುಧ ಹಿಡಿದು ಬರಬೇಕೆಂಬ ಕರಾರಿನ ಮೇಲೆ, ಕಡಿಮೆ ಕಂದಾಯಕ್ಕೆ ವಂಶಪಾರಂಪರ್ಯವಾಗಿ ಕೊಟ್ಟ ಭೂಮಿಯೇ ಜಮ್ಮಾ. ಅಲ್ಲಿ ನೇಗಿಲು ಮತ್ತು ಕೋವಿ ಒಂದೇ ಋಣದ ಎರಡು ಮುಖ. ಜಮ್ಮಾ ಭೂಮಿ ಕೊಡವರಲ್ಲದೆ ಬೇರೆ ಸಮುದಾಯದವರ ಬಳಿಯೂ ಇದ್ದುದರಿಂದ, ಮುಂದೆ ವಿನಾಯಿತಿಯ ವ್ಯಾಪ್ತಿಯೂ ಹಿಗ್ಗಿತು.

1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡರು. ಮೂರೇ ವರ್ಷಗಳಲ್ಲಿ, 1837ರಲ್ಲಿ, ಅಮರಸುಳ್ಯದ ದಂಗೆ ಎದ್ದಿತು. ಅದನ್ನು ಅಡಗಿಸಲು ನೆರವಾದ ಕೊಡವರಿಗೆ ಕಂಪನಿ ಸರ್ಕಾರ ಪದಕಗಳನ್ನು ಕೊಟ್ಟಿತು. ಒಂದು ಕಡೆಯವರ ಪಾಲಿಗೆ ನಿಷ್ಠೆಯಾದದ್ದು ಇನ್ನೊಂದು ಕಡೆಯವರ ಪಾಲಿಗೆ ದ್ರೋಹ. ಆ ಲೆಕ್ಕ ಇಂದಿಗೂ ಚುಕ್ತಾ ಆಗಿಲ್ಲ.

1857ರ ದಂಗೆಯ ನಂತರ ಆಳುವವರಿಗೆ ಪ್ರತಿ ಭಾರತೀಯನ ಕೈಯಲ್ಲಿದ್ದ ಆಯುಧವೂ ಅಪಾಯವಾಗಿ ಕಾಣತೊಡಗಿತು. ನಿಶ್ಶಸ್ತ್ರೀಕರಣದ ಕಾಯ್ದೆಗಳು ಬಂದವು. ಆ ಸಂದರ್ಭದಲ್ಲಿ, 1861ರ ಫೆಬ್ರವರಿಯಲ್ಲಿ, ಮೈಸೂರು ಮತ್ತು ಕೊಡಗಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಕೊಡವರನ್ನು ಅದರಿಂದ ಹೊರಗಿಟ್ಟು ಆದೇಶ ಹೊರಡಿಸಿದ. ಅವರ ನಿಷ್ಠೆ ಮತ್ತು ಶೌರ್ಯಕ್ಕೆ ಮೆಚ್ಚಿ ಈ ಮರ್ಯಾದೆ ಎಂಬುದು ಅದರ ಇಂಗಿತ. ವೈಸ್‌ರಾಯ್ ಲಿಟ್ಟನ್ ಕಾಲದ 1878ರ ಶಸ್ತ್ರಾಸ್ತ್ರ ಕಾಯ್ದೆಯ ಕೆಳಗೂ ಈ ವಿನಾಯಿತಿ ಮುಂದುವರಿಯಿತು. ಅದೇ ಕಾಯ್ದೆಯ ವ್ಯವಸ್ಥೆಯಲ್ಲಿ ಯುರೋಪಿಯನ್ನರಿಗೂ ರಿಯಾಯಿತಿ ಇತ್ತು. ಸ್ವಂತ ನೆಲದಲ್ಲಿ ಭಾರತೀಯ ಪರವಾನಗಿಗೆ ಕೈಚಾಚಬೇಕು, ಹೊರಗಿನಿಂದ ಬಂದವನು ಬೇಡ! ಕಾಂಗ್ರೆಸ್ ಇದನ್ನು ಅವಮಾನವೆಂದೇ ಭಾವಿಸಿತು. ಬ್ರಿಟಿಷ್ ಆಳ್ವಿಕೆಯ ದುಷ್ಕೃತ್ಯಗಳಲ್ಲಿ ಇಡೀ ದೇಶವನ್ನು ನಿಶ್ಶಸ್ತ್ರಗೊಳಿಸಿದ ಈ ಕಾಯ್ದೆಯನ್ನು ಇತಿಹಾಸ ಅತ್ಯಂತ ಕರಾಳವೆಂದು ಎಣಿಸುತ್ತದೆ ಎಂಬರ್ಥದ ಮಾತನ್ನು 1918ರಲ್ಲಿ ಬರೆದವರು ಬೇರಾರೂ ಅಲ್ಲ, ಅಹಿಂಸೆಯ ಗಾಂಧೀಜಿ. 1931ರ ಕರಾಚಿ ಅಧಿವೇಶನ ಅಂಗೀಕರಿಸಿದ ಮೂಲಭೂತ ಹಕ್ಕುಗಳ ಪಟ್ಟಿಯಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧ ಹೊಂದುವ ಹಕ್ಕೂ ಸೇರಿತ್ತು.

ಸ್ವಾತಂತ್ರ್ಯ ಬಂದಾಗ ಈ ಹಕ್ಕು ಎಲ್ಲರಿಗೂ ಸಿಗಬೇಕಿತ್ತಲ್ಲವೇ? 1948ರ ಡಿಸೆಂಬರ್‌ನಲ್ಲಿ ಸಂವಿಧಾನ ರಚನಾ ಸಭೆಯ ಮುಂದೆ ಆ ಪ್ರಶ್ನೆ ಬಂತು. ತಿದ್ದುಪಡಿ ಮಂಡಿಸಿದವರು ಮಂಗಳೂರಿನಲ್ಲಿ ಹುಟ್ಟಿದ ಹರಿ ವಿಷ್ಣು ಕಾಮತ್. ಅಂಬೇಡ್ಕರ್ ಅದನ್ನು ಒಪ್ಪಲಿಲ್ಲ. ಅಪರಾಧಿಗಳೂ ಇದೇ ಹಕ್ಕನ್ನು ಕೇಳಿಕೊಂಡು ಬಂದಾರು ಎಂಬುದು ಅವರ ಆತಂಕವಾಗಿತ್ತು. ದೇಶ ವಿಭಜನೆಯ ರಕ್ತ ಇನ್ನೂ ಆರಿರದ ದಿನಗಳವು. ತಿದ್ದುಪಡಿ ಬಿದ್ದುಹೋಯಿತು.

ಹೀಗಾಗಿ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲೂ ಬಂದೂಕು ಹಕ್ಕಾಗಲಿಲ್ಲ, ಅನುಮತಿಯಾಗಿಯೇ ಉಳಿಯಿತು. ಆ ಅನುಮತಿಯಲ್ಲೂ ತರತಮವಿದೆ. ರಕ್ಷಣೆಗೋ ಕ್ರೀಡೆಗೋ ಇಪ್ಪತ್ತು ಅಂಗುಲಕ್ಕೆ ಕಡಿಮೆಯಿಲ್ಲದ ನಳಿಗೆಯ ಸಾದಾ ಕೋವಿ ಬೇಕೆಂದರೆ, ಬೆಳೆ ಕಾಯಲು ಕೇಪಿನ ಕೋವಿ ಬೇಕೆಂದರೆ, ಬೇರೆ ಅಡ್ಡಿಯಿಲ್ಲದಿದ್ದಲ್ಲಿ ಅಧಿಕಾರಿ ಪರವಾನಗಿ ಕೊಡಬೇಕು. ಪಿಸ್ತೂಲು, ರಿವಾಲ್ವರುಗಳ ಮಾತು ಬೇರೆ. ಅವುಗಳಿಗೆ ತಕ್ಕ ಕಾರಣವಿದೆಯೆಂದು ಅಧಿಕಾರಿಗೆ ಮನವರಿಕೆಯಾಗಬೇಕು. ಹೆಗಲ ಮೇಲೆ ಎದ್ದು ಕಾಣುವ ಕೋವಿಗಿಂತ ಸೊಂಟದಲ್ಲಿ ಅಡಗುವ ಪಿಸ್ತೂಲಿನ ಮೇಲೆ ಕಾನೂನಿಗೆ ಹೆಚ್ಚು ಸಂಶಯ. ಇನ್ನು ಬಳಕೆ ತಪ್ಪಿದ ಮಾದರಿಯ, ಪುರಾತನ ಮೌಲ್ಯದ ಆಯುಧ ದುರಸ್ತಿ ಮಾಡಿದರೂ ಗುಂಡು ಹಾರಿಸದು ಎಂದಾದರೆ ಅದಕ್ಕೆ ಕಾಯ್ದೆಯೇ ಅನ್ವಯಿಸುವುದಿಲ್ಲ. ಆದರೆ ತಾತನ ಕಾಲದ್ದಾದರೂ ಸಿಡಿಯುವ ಬಂದೂಕು ಬಂದೂಕೇ. 2019ರ ತಿದ್ದುಪಡಿ ಒಬ್ಬ ಪರವಾನಗಿದಾರನ ಬಳಿ ಇರಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿದಾಗ, ಪಿತ್ರಾರ್ಜಿತ ಬಂದೂಕುಗಳೂ ಆ ಎರಡರ ಲೆಕ್ಕದೊಳಗೇ ಬಂದವು.

ಇದೇ 1959ರ ಕಾಯ್ದೆಯ 41ನೇ ಕಲಮು ಸಾರ್ವಜನಿಕ ಹಿತದೃಷ್ಟಿಯಿಂದ ವಿನಾಯಿತಿ ನೀಡುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. ಕೊಡಗಿನ ಹಳೆಯ ಮರ್ಯಾದೆ ಈ ಬಾಗಿಲಿನಿಂದ ಹೊಸ ಗಣರಾಜ್ಯದೊಳಕ್ಕೆ ಬಂತು. ಆದರೆ ಅದು ಲಂಗುಲಗಾಮಿಲ್ಲದ ಸ್ವಾತಂತ್ರ್ಯವಲ್ಲ. ಜಿಲ್ಲಾಡಳಿತದಿಂದ ವಿನಾಯಿತಿ ಪತ್ರ ಪಡೆಯಬೇಕು. ಕೋವಿಯನ್ನು ದುರ್ಬಳಕೆ ಮಾಡಿದರೆ ಎಲ್ಲರಿಗಿರುವ ಶಿಕ್ಷೆಯೇ. ಕೊಡವರ ಹಾಡು, ಕಥೆಗಳಲ್ಲಿ ತುಂಬಿರುವ ಬೇಟೆಗೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ತೆರೆ ಎಳೆಯಿತು.

ಸಂವಿಧಾನ ಎಲ್ಲರೂ ಸಮಾನರೆನ್ನುವಾಗ, ಜನಾಂಗ ಮತ್ತು ಭೂಹಿಡುವಳಿಯ ಆಧಾರದ ಮೇಲೆ ಕೆಲವರಿಗೆ ಮಾತ್ರ ಈ ಸೌಲಭ್ಯ ಏಕೆ? ಈ ಪ್ರಶ್ನೆ ಹೊತ್ತ ಅರ್ಜಿಯೊಂದು ಕರ್ನಾಟಕ ಹೈಕೋರ್ಟಿನ ಮುಂದೆ ಬಂತು. ಅಷ್ಟರಲ್ಲಿ ಕೇಂದ್ರ ಗೃಹ ಸಚಿವಾಲಯ 2019ರ ಅಕ್ಟೋಬರ್‌ನಲ್ಲಿ ಹೊಸ ಅಧಿಸೂಚನೆ ಹೊರಡಿಸಿ, ವಿನಾಯಿತಿಯನ್ನು 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿತ್ತು. 2021ರ ಸೆಪ್ಟೆಂಬರ್‌ನಲ್ಲಿ ಹೈಕೋರ್ಟಿನ ವಿಭಾಗೀಯ ಪೀಠ ಅದನ್ನು ಎತ್ತಿಹಿಡಿಯಿತು. ಕೊಡವರದು ಯೋಧ ಪರಂಪರೆಯ ಸಮುದಾಯ, ಸ್ವಾತಂತ್ರ್ಯಪೂರ್ವದಿಂದಲೂ ಈ ಸೌಲಭ್ಯ ಅನುಭವಿಸಿಕೊಂಡು ಬಂದಿದೆ, ಅಲ್ಲದೆ ವಿನಾಯಿತಿ ಅನಿರ್ದಿಷ್ಟವಲ್ಲ, ಹತ್ತು ವರ್ಷಕ್ಕೆ ಸೀಮಿತ ಎಂಬುದು ತೀರ್ಪಿನ ನಿಲುವು.

ಆ ಹತ್ತು ವರ್ಷದ ಮಾತಿನಲ್ಲೇ ವಿಷಯದ ತಿರುಳಿದೆ. ಐನ್‌ಮನೆಯ ಗೋಡೆಯ ಮೇಲಿನ ಕೋವಿ ಆ ಮನೆಯವರಿಗೆ ಹುಟ್ಟಿನಿಂದ ಬಂದದ್ದು. ಕಾನೂನಿನ ಕಣ್ಣಿಗೆ ಅದು ಗಡುವಿರುವ ಔದಾರ್ಯ. ಅಂದು ಆಳುವವರು ನಿಷ್ಠೆಗೆ ಮೆಚ್ಚಿ ಕೊಟ್ಟರು. ಇಂದು ಸರ್ಕಾರ ಪರಂಪರೆಗೆ ಮನ್ನಣೆಯಾಗಿ ಕೊಡುತ್ತಿದೆ. ಕೊಡುವ ಕಾರಣ ಬದಲಾದರೂ ಕೊಡುವ ಕೈ ಮೇಲೆಯೇ ಇದೆ. 1861ರಲ್ಲಿ ಕಾರಣ ಹೇಳಬೇಕಾದ ಪ್ರಜೆಗಳು ಎದುರಿಗಿರಲಿಲ್ಲ. 2029ರಲ್ಲಿ ಗಡುವು ಬಂದಾಗ, ವಿನಾಯಿತಿಯನ್ನು ಮುಂದುವರಿಸಿದರೂ ನಿಲ್ಲಿಸಿದರೂ ದೇಶದ ಉಳಿದ ನಾಗರಿಕರಿಗೂ ಕೊಡವರಿಗೂ ಒಪ್ಪುವಂಥ ಕಾರಣವನ್ನು ಹೇಳಲೇಬೇಕಾಗುತ್ತದೆ.