ತರೀಮಿನ ರಾತೀಬು

ಅರಬ್ಬೀ ಪರ್ಯಾಯದ್ವೀಪದ ದಕ್ಷಿಣದಲ್ಲಿ, ಯಮನ್ ದೇಶದ ಪೂರ್ವಭಾಗವಾದ ಹದ್ರಮೌತ್ ಪ್ರಾಂತದಲ್ಲಿ, ಶುಷ್ಕವಾದ ಪ್ರಸ್ಥಭೂಮಿಯನ್ನು ಸೀಳಿಕೊಂಡು ಸಾಗುವ ಒಂದು ದೀರ್ಘವಾದ ಕಣಿವೆಯುಂಟು. ಮಳೆ ಬಂದಾಗ ಮಾತ್ರ ಪ್ರವಾಹವನ್ನು ಕಾಣುವ ಆ ಕಣಿವೆಯಲ್ಲಿ, ಖರ್ಜೂರದ ತೋಟಗಳ ನಡುವೆ, ಹಸಿ ಇಟ್ಟಿಗೆಯ ಮನೆಗಳನ್ನು ಕಟ್ಟಿಕೊಂಡು ಬಾಳಿದ ತರೀಮ್ ಪಟ್ಟಣವು ತನ್ನ ವಿದ್ವಾಂಸರಿಂದಲೂ ಸಂತರಿಂದಲೂ ಇಸ್ಲಾಮೀ ಜಗತ್ತಿನಲ್ಲಿ ಪ್ರಸಿದ್ಧವಾಯಿತು. ಅಲ್ಲಿ ಹದಿನೇಳನೆಯ ಶತಮಾನದಲ್ಲಿ ರಚಿತವಾದ ಒಂದು ಪ್ರಾರ್ಥನಾಕ್ರಮವು ಸಮುದ್ರಗಳನ್ನು ದಾಟಿ ನಮ್ಮ ಕರಾವಳಿಯವರೆಗೂ ಬಂದುದರ ಚರಿತ್ರೆಯನ್ನು ನೋಡಿದರೆ, ಕಂಡ ಸನ್ಮಾರ್ಗದಿಂದ ಕಾಲು ಜಾರದಿರಲೆಂಬ ಮನುಷ್ಯನ ಹಂಬಲವು ಒಂದು ಸಮುದಾಯದ ನಿತ್ಯಾಚಾರವಾಗಿ ಹೇಗೆ ನೆಲೆಗೊಳ್ಳುತ್ತದೆಂಬುದು ವಿಶದವಾಗುತ್ತದೆ.

ಮಾರ್ಗದರ್ಶನವನ್ನು ಬೇಡುವುದು ಮುಸಲ್ಮಾನರ ನಿತ್ಯಕರ್ಮದ ಅಂಗವೇ ಆಗಿದೆ. ದಿನದ ಐದು ಕಡ್ಡಾಯ ನಮಾಜುಗಳಲ್ಲಿ ಪ್ರಾರ್ಥನೆಯ ಆವರ್ತಗಳಾದ ಒಟ್ಟು 17 ರಕಅತ್‌ಗಳಿದ್ದು, ಪ್ರತಿಯೊಂದರಲ್ಲಿಯೂ ಫಾತಿಹಾ ಅಧ್ಯಾಯದ ಪಠನವಿರುವುದರಿಂದ, ನೇರವಾದ ದಾರಿಯಲ್ಲಿ ನಡೆಸೆಂಬ ಬೇಡಿಕೆ ದಿನಕ್ಕೆ ಹದಿನೇಳು ಬಾರಿಯಾದರೂ ಭಕ್ತನ ನಾಲಗೆಯ ಮೇಲೆ ಬರುತ್ತದೆ. ಆದರೆ ದಾರಿಯನ್ನು ಕಂಡವನು ಅದನ್ನು ತಪ್ಪಲಾರನೆಂಬ ಭರವಸೆಯುಂಟೆ? ಮಾರ್ಗವನ್ನು ತೋರಿದ ಮೇಲೆ ಹೃದಯಗಳು ಓರೆಯಾಗದಂತೆ ಕಾಯಬೇಕೆಂದು ಬೇಡುವುದನ್ನು ಕುರ್‌ಆನಿನ ಮೂರನೆಯ ಅಧ್ಯಾಯವೇ ಕಲಿಸುತ್ತದೆ. ಹೃದಯಗಳನ್ನು ತಿರುಗಿಸಬಲ್ಲ ದೇವರು ತಮ್ಮ ಹೃದಯವನ್ನು ಧರ್ಮದಲ್ಲಿ ಸ್ಥಿರವಾಗಿರಿಸಬೇಕೆಂಬುದೇ ಪ್ರವಾದಿ ಮುಹಮ್ಮದರು ಎಲ್ಲಕ್ಕಿಂತ ಹೆಚ್ಚಾಗಿ ಮಾಡುತ್ತಿದ್ದ ಪ್ರಾರ್ಥನೆಯೆಂದು ಅವರ ಪತ್ನಿ ಉಮ್ಮು ಸಲಮಾ ಹೇಳಿದುದು ತಿರ್ಮಿದಿಯವರ ಹದೀಸ್ ಸಂಗ್ರಹದಲ್ಲಿ ದಾಖಲಾಗಿದೆ. ಪ್ರವಾದಿಯೇ ಹೀಗೆ ಬೇಡಿಕೊಂಡ ಮೇಲೆ ಸಾಮಾನ್ಯರಿಗೆ ಈ ಬೇಡಿಕೆ ಎಷ್ಟು ಅಗತ್ಯವೆಂಬುದನ್ನು ಬೇರೆ ಹೇಳಬೇಕಾದುದಿಲ್ಲ.

ಹತ್ತನೆಯ ಶತಮಾನದಲ್ಲಿ ಬಸ್ರಾ ನಗರವನ್ನು ತೊರೆದು ಹದ್ರಮೌತಿಗೆ ಬಂದ ಅಹ್ಮದ್ ಅಲ್ ಮುಹಾಜಿರರ ಸಂತತಿಯವರೂ ಪ್ರವಾದಿಯ ವಂಶಜರೆನಿಸಿದವರೂ ಆದ ಬಾ ಅಲವೀ ಸಯ್ಯಿದರು ತರೀಮನ್ನು ತಮ್ಮ ವಿದ್ಯಾಕೇಂದ್ರವನ್ನಾಗಿ ಮಾಡಿಕೊಂಡರು. ಆ ವಂಶದಲ್ಲಿ 1634ರಲ್ಲಿ ಜನಿಸಿದ ಅಬ್ದುಲ್ಲಾ ಬಿನ್ ಅಲವೀ ಅಲ್ ಹದ್ದಾದರು ಎಳೆಯ ವಯಸ್ಸಿನಲ್ಲಿಯೇ ಸಿಡುಬಿನಿಂದ ದೃಷ್ಟಿಯನ್ನು ಕಳೆದುಕೊಂಡರಾದರೂ, ಕುರ್‌ಆನನ್ನು ಕಂಠಸ್ಥಮಾಡಿ, ಶಾಸ್ತ್ರಗಳನ್ನು ಕಿವಿಯಿಂದಲೇ ಗ್ರಹಿಸಿ, ಮುಂದೆ ಅನೇಕ ಗ್ರಂಥಗಳನ್ನು ಬಾಯಲ್ಲಿ ಹೇಳಿ ಬರೆಯಿಸಿದರು. ಗಹನವಾದ ತತ್ತ್ವವನ್ನು ರೈತನೂ ವರ್ತಕನೂ ಗ್ರಹಿಸುವಂತೆ ಸರಳಗೊಳಿಸುವ ಶಕ್ತಿ ಅವರಲ್ಲಿತ್ತು. ರಾತೀಬು ಎಂದು ಕರೆಯಲಾಗುವ ಅವರ ಪ್ರಾರ್ಥನಾಕ್ರಮವು ಆ ಶಕ್ತಿಗೆ ಉತ್ತಮ ನಿದರ್ಶನ.

ಅದರ ರಚನೆಗೆ ಕಾರಣವಾದುದು ಒಂದು ಭೀತಿ. ಉತ್ತರ ಯಮನಿನ ಪರ್ವತಪ್ರಾಂತವನ್ನು ಆಳುತ್ತಿದ್ದ, ಶಿಯಾ ಪಂಥದ ಶಾಖೆಯೊಂದಕ್ಕೆ ಸೇರಿದ ಝೈದೀ ಇಮಾಮರ ಸೈನ್ಯವು 1660ರ ಸುಮಾರಿಗೆ ಹದ್ರಮೌತನ್ನು ಪ್ರವೇಶಿಸಿದಾಗ, ಸುನ್ನೀ ಮತದ ಶಾಫಿಈ ಸಂಪ್ರದಾಯದಲ್ಲಿ ಬೆಳೆದ ಅಲ್ಲಿನ ಜನರು ತಮ್ಮ ವಿಶ್ವಾಸ ಕದಲೀತೆಂದು ಕಳವಳಗೊಂಡರು. ಊರಿನವರೆಲ್ಲ ಕೂಡಿ ಪಠಿಸಬಹುದಾದ, ದೇವಸ್ಮರಣೆಯ ವಾಕ್ಯಗಳಾದ ದಿಕ್ರ್‌ಗಳ ಕ್ರಮವೊಂದನ್ನು ರಚಿಸಿಕೊಡಬೇಕೆಂದು ಶಿಬಾಮ್ ಪಟ್ಟಣದ ಕಡೆಯ ಆಮಿರ್ ಎಂಬ ಶಿಷ್ಯರು ಬೇಡಿಕೊಂಡರೆಂದೂ, ಹಿಜರಿ 1071ರ, ಎಂದರೆ ಕ್ರಿ.ಶ. 1661ರ, ರಂಜಾನಿನ ಒಂದು ಪುಣ್ಯರಾತ್ರಿಯಲ್ಲಿ ಹದ್ದಾದರು ಅದನ್ನು ಹೇಳಿಕೊಟ್ಟರೆಂದೂ, ಮೊದಲು ಆ ಶಿಷ್ಯರ ಊರಿನಲ್ಲಿಯೂ ಅನಂತರ ತರೀಮಿನ ಹೊರವಲಯದ ಅಲ್ ಹಾವಿಯಲ್ಲಿದ್ದ ಹದ್ದಾದರ ಮಸೀದಿಯಲ್ಲಿಯೂ ಅದರ ಪಠನ ಪ್ರಾರಂಭವಾಯಿತೆಂದೂ ಸಂಪ್ರದಾಯವು ಹೇಳುತ್ತದೆ. ರಾತೀಬನ್ನು ರಚಿಸಿದಾಗ ಹದ್ದಾದರ ವಯಸ್ಸು ಇಪ್ಪತ್ತಾರು.

ರಾತೀಬಿನ ವಿನ್ಯಾಸವನ್ನು ಗಮನಿಸಿದರೆ ರಚನಕಾರರ ವಿವೇಕ ವ್ಯಕ್ತವಾಗುತ್ತದೆ. ಫಾತಿಹಾ, ಕುರ್‌ಆನಿನ ಎರಡನೆಯ ಅಧ್ಯಾಯದ ಆಯತುಲ್ ಕುರ್ಸೀ ಎಂಬ ವಚನ, ಅದೇ ಅಧ್ಯಾಯದ ಅಂತ್ಯವಚನಗಳು ಮೊದಲು ಬರುತ್ತವೆ. ಅನಂತರ ಕುರ್‌ಆನ್ ಹದೀಸುಗಳಿಂದ ಆಯ್ದ ಸ್ತುತಿ, ಕ್ಷಮಾಯಾಚನೆ, ಪ್ರವಾದಿಯ ಮೇಲೆ ಅನುಗ್ರಹವನ್ನು ಕೋರುವ ಸಲಾತ್ ಮೊದಲಾದ ಕಿರುವಾಕ್ಯಗಳನ್ನು ಬಹುಮಟ್ಟಿಗೆ ಮೂರು ಮೂರು ಬಾರಿ ಹೇಳಲಾಗುತ್ತದೆ. ಇಸ್ಲಾಮಿನಲ್ಲಿಯೇ ತಮಗೆ ಮರಣ ಬರಲೆಂಬ ಬೇಡಿಕೆಯೊಂದು ಮಾತ್ರ ಏಳು ಬಾರಿ ಬರುತ್ತದೆ; ಕಡೆಯವರೆಗೂ ಅಚಲವಾಗಿ ನಿಲ್ಲಬೇಕೆಂಬ ಹಂಬಲವೇ ಈ ಪ್ರಾರ್ಥನೆಯ ಹೃದಯ. ದುಷ್ಟರ ಪೀಡೆ ದೂರವಾಗಲೆಂದೂ, ವಿಶ್ವಾಸಿಗಳ ವ್ಯವಹಾರಗಳು ನೇರಾಗಲೆಂದೂ, ಮನಸ್ಸಿನ ದುಗುಡ ಕರಗಲೆಂದೂ ಅದರಲ್ಲಿ ಬೇಡಿಕೆಗಳುಂಟು. ಆದರೆ ಯಾವ ಸೈನ್ಯದ ಭಯದಿಂದ ಇದು ಹುಟ್ಟಿತೋ ಆ ಸೈನ್ಯದ ಹೆಸರಾಗಲಿ, ಅದರ ಮತದ ಖಂಡನೆಯಾಗಲಿ ಇದರಲ್ಲೆಲ್ಲಿಯೂ ಇಲ್ಲ. ಪರಮತವನ್ನು ದೂಷಿಸದೆ ಸ್ವಮತದಲ್ಲಿ ದೃಢವಾಗಿ ನಿಲ್ಲಬಹುದೆಂಬ ಈ ಸಂಯಮವು ನನಗೆ ಅತ್ಯಂತ ಪೂಜ್ಯವಾಗಿ ತೋರುತ್ತದೆ.

ಹದ್ರಮೌತಿನ ಜನರು ಚಿರಕಾಲದಿಂದ ಸಮುದ್ರಯಾನಿಗಳು. ರಾತೀಬು ಹುಟ್ಟುವ ಮೊದಲೇ ತರೀಮಿನ ಐದರೂಸ್ ವಂಶದ ಸಯ್ಯಿದರೊಬ್ಬರು ಬಿಜಾಪುರಕ್ಕೆ ಬಂದು ಎರಡನೆಯ ಇಬ್ರಾಹಿಂ ಆದಿಲ್‌ಷಾಹನ ಆಸ್ಥಾನದಲ್ಲಿ ಗೌರವವನ್ನು ಪಡೆದಿದ್ದರು. ಹದಿನೆಂಟನೆಯ ಶತಮಾನದಲ್ಲಿ ತರೀಮಿನಿಂದ ಮಲಬಾರಿಗೆ ಬಂದು, 1844ರಲ್ಲಿ ದಿವಂಗತರಾದ ಮಂಬುರಂ ಸಯ್ಯಿದ್ ಅಲವೀ ತಂಙಳರಂಥವರ ಪ್ರಭಾವದಿಂದ ಬಾ ಅಲವೀ ಪರಂಪರೆಯು ಪಶ್ಚಿಮ ಕರಾವಳಿಯಲ್ಲಿ ಬೇರೂರಿತು. ಜಾವಾ, ಮಲಯ, ಪೂರ್ವ ಆಫ್ರಿಕಗಳಿಗೂ ಹದ್ದಾದರ ರಾತೀಬು ವಲಸೆಗಾರರೊಡನೆ ಸಾಗಿತು. ಶಾಫಿಈ ಸಂಪ್ರದಾಯದ ಬ್ಯಾರಿಗಳು ನೆಲೆಸಿರುವ ದಕ್ಷಿಣ ಕನ್ನಡದ ಊರುಗಳಲ್ಲಿಯೂ ಹದ್ದಾದ್ ರಾತೀಬು ಪರಿಚಿತವಾದುದೇ. ರಾತ್ರಿಯ ಇಷಾ ನಮಾಜಿನ ಅನಂತರ, ದಿನದ ದುಡಿಮೆ ಮುಗಿದ ವೇಳೆಯಲ್ಲಿ, ಓದು ಬಾರದವನೂ ವಿದ್ವಾಂಸನೂ ಒಂದೇ ಸಾಲಿನಲ್ಲಿ ಕುಳಿತು ಒಂದೇ ಸ್ವರದಲ್ಲಿ ಪಠಿಸಬಹುದಾದ ಹ್ರಸ್ವವಾದ ಕ್ರಮವಾದುದರಿಂದಲೇ ಅದು ಇಷ್ಟು ದೂರ ಬರಲು ಸಾಧ್ಯವಾಯಿತು.

ಹದ್ದಾದರು 1720ರಲ್ಲಿ ತೀರಿಕೊಂಡು ತರೀಮಿನ ಝಂಬಲ್ ಸ್ಮಶಾನದಲ್ಲಿ ಸಮಾಧಿಸ್ಥರಾದರು. ಝೈದೀ ಸೈನ್ಯವು ಹಿಂದಿರುಗಿತು. ಅದು ಆಕ್ರಮಿಸಿದ ಕಥೀರೀ ಸುಲ್ತಾನರ ರಾಜ್ಯವೂ 1967ರಲ್ಲಿ ಅಂತ್ಯಗೊಂಡಿತು. ಭೀತಿಯ ಕಾರಣವು ಅಳಿದ ಮೇಲೂ ಪ್ರಾರ್ಥನೆಯು ಉಳಿದುದೇಕೆ? ಶತ್ರುವಿನಿಂದ ಬರುವ ಚಾಂಚಲ್ಯ ಒಂದು ಕಾಲಕ್ಕೆ ಬರುವಂಥದು. ಸಂತೆಯ ಲೋಭದಿಂದ, ಮನೆಯ ಕಲಹದಿಂದ, ಒಡಲಿನ ಆಲಸ್ಯದಿಂದ ಬರುವ ಚಾಂಚಲ್ಯ ಪ್ರತಿದಿನದ್ದು. ಹದ್ದಾದರು ಮೊದಲನೆಯದಕ್ಕೆ ಪರಿಹಾರವನ್ನು ಕೇಳಿದವರಿಗೆ ಎರಡನೆಯದಕ್ಕೂ ಸಲ್ಲುವ ಪರಿಹಾರವನ್ನು ಕೊಟ್ಟರು. ಸ್ಥೈರ್ಯವು ಒಮ್ಮೆ ಗಳಿಸಿ ಕೂಡಿಡುವ ಧನವಲ್ಲವೆಂದೂ, ನಿತ್ಯವೂ ನೆರೆಯವರೊಡನೆ ಕುಳಿತು ಬೇಡಿ ಪಡೆಯಬೇಕಾದ ಅನುಗ್ರಹವೆಂದೂ ಬಲ್ಲವರೇ ಅಂಥ ಪ್ರಾರ್ಥನೆಯನ್ನು ರಚಿಸಬಲ್ಲರು.