ಗೇರು ಗುಡ್ಡಕ್ಕೆ ಸುರಿದ 'ಮದ್ದು'

ಗೇರು ನಮ್ಮ ನೆಲದ ಮರವಲ್ಲ. ಹದಿನಾರನೇ ಶತಮಾನದಲ್ಲಿ ಪೋರ್ಚುಗೀಸರು ಬ್ರೆಝಿಲ್‌ನಿಂದ ಅದನ್ನು ನಮ್ಮ ಪಶ್ಚಿಮ ಕರಾವಳಿಗೆ ತಂದರು. ಅಲ್ಲಿನ ಮೂಲನಿವಾಸಿಗಳ 'ಅಕಜು' ಪೋರ್ಚುಗೀಸರ ಬಾಯಲ್ಲಿ 'ಕಾಜು' ಆಯಿತು. ಮಲಯಾಳಿಗಳು ತಂದವರ ಹೆಸರನ್ನೇ ಮರಕ್ಕಿಟ್ಟು 'ಪರಂಗಿಮಾವು' ಎಂದರು. ಮುರಕಲ್ಲಿನ ಗುಡ್ಡಗಳಲ್ಲಿ ಮಣ್ಣು ಕೊಚ್ಚಿ ಹೋಗದಂತೆ ತಡೆಯಲು ಇದನ್ನು ನೆಟ್ಟರು ಎಂಬುದು ಸಾಮಾನ್ಯವಾಗಿ ಕೇಳಿಬರುವ ವಿವರಣೆ. ನೀರುಣಿಸುವವರಿಲ್ಲ, ಗೊಬ್ಬರ ಹಾಕುವವರಿಲ್ಲ. ಆದರೂ ಬೇಸಿಗೆ ಬಂದರೆ ಹಣ್ಣು, ಬೀಜ. 1920ರ ದಶಕದಲ್ಲಿ ಮಂಗಳೂರಿನಲ್ಲಿ ಗೇರುಬೀಜ ಕಾರ್ಖಾನೆಗಳು ತಲೆಯೆತ್ತಿ ತಿರುಳು ಹಡಗೇರಿ ಪರದೇಶಕ್ಕೆ ಹೋಗತೊಡಗಿದ ಮೇಲೂ, ಹಿತ್ತಲಿನ ಮರ ಹಿತ್ತಲಿನ ಮರವಾಗಿಯೇ ಉಳಿಯಿತು. ಬೇಸಿಗೆ ರಜೆಯಲ್ಲಿ ಬೀಜ ಹೆಕ್ಕಿ ಮಾರಿ ಕೈಗಾಸು ಮಾಡಿಕೊಳ್ಳದ ಮಕ್ಕಳು ನಮ್ಮ ಕರಾವಳಿಯಲ್ಲಿ ವಿರಳ.

ಏನನ್ನೂ ಬೇಡದ ಇಂಥ ಮರಕ್ಕೆ ಹೆಲಿಕಾಪ್ಟರಿನಿಂದ ವಿಷ ಸಿಂಪಡಿಸುವ ಅಗತ್ಯ ಎಲ್ಲಿಂದ ಬಂತು?

ಉತ್ತರ ಹುಡುಕಲು ಕಾಸರಗೋಡಿನ ಗುಡ್ಡಗಳಿಗೆ ಹೋಗಬೇಕು. 1956ರ ವರೆಗೆ ಇದು ದಕ್ಷಿಣ ಕನ್ನಡದ ತಾಲೂಕು. ಕೇರಳಕ್ಕೆ ಸೇರಿದ ಮೇಲೂ ಇದರ ಉತ್ತರ ಭಾಗದ ಮನೆಮಾತುಗಳಲ್ಲಿ ಕನ್ನಡ, ತುಳು ಇವೆ. 1960ರ ದಶಕದಲ್ಲಿ ಕೇರಳದ ಕೃಷಿ ಇಲಾಖೆ ಇಲ್ಲಿನ ಸರಕಾರಿ ಗುಡ್ಡಗಳಲ್ಲಿ ಗೇರು ನೆಡಲು ಹೊರಟಿತು. 1978ರಲ್ಲಿ ತೋಟಗಳು ಕೇರಳ ತೋಟಗಾರಿಕಾ ನಿಗಮದ ಕೈಸೇರಿದವು. ಸಾವಿರಾರು ಎಕರೆ, ಎತ್ತ ನೋಡಿದರೂ ಗೇರು.

ಹಿತ್ತಲಿನ ಎರಡು ಮರಗಳಿಗೂ ಗುಡ್ಡ ತುಂಬಿದ ತೋಟಕ್ಕೂ ವ್ಯತ್ಯಾಸವಿದೆ. ಟೀ ಸೊಳ್ಳೆ ಎಂಬ ಹೆಸರಿನ ಕೀಟವೊಂದಿದೆ. ಹೆಸರು ಸೊಳ್ಳೆ, ಜಾತಿ ತಿಗಣೆ. ಗೇರು ಚಿಗುರಿ ಹೂ ಬಿಡುವ ಹೊತ್ತಿಗೆ ಬಂದು ಎಳೆಯ ಕುಡಿಯ ರಸ ಹೀರುತ್ತದೆ. ಕುಡಿ ಬೆಂಕಿ ತಗುಲಿದಂತೆ ಕರಟುತ್ತದೆ. ಮೈಲುಗಟ್ಟಲೆ ಒಂದೇ ಜಾತಿಯ ಮರವಿರುವಲ್ಲಿ ಅದಕ್ಕೆ ಅಡೆತಡೆಯಿಲ್ಲದ ಊಟ. ಕೀಟ ಪ್ರತಿ ವರ್ಷವೂ ಒಂದೇ ಪ್ರಮಾಣದಲ್ಲಿ ಬರುವುದಿಲ್ಲ. ಆದರೆ ಸಿಂಪಡಣೆ ವರ್ಷ ವರ್ಷವೂ ನಡೆಯಿತು, ವರ್ಷಕ್ಕೆ ಎರಡು ಮೂರು ಬಾರಿ. 1970ರ ದಶಕದ ಕೊನೆಯಿಂದ 2000ದ ವರೆಗೆ ಆಕಾಶದಿಂದ ಸುರಿದದ್ದು ಎಂಡೋಸಲ್ಫಾನ್.

ನಮ್ಮ ಕೃಷಿಕರು ಇದನ್ನೆಲ್ಲ 'ಮದ್ದು' ಎನ್ನುತ್ತಾರೆ. ಅಡಿಕೆಗೆ ಮದ್ದು, ಗೇರಿಗೆ ಮದ್ದು. ಜ್ವರಕ್ಕೆ ಕೊಡುವುದೂ ಮದ್ದೇ. ಹೆಲಿಕಾಪ್ಟರ್ ಬಂದಾಗ ಅದನ್ನು ನೋಡಲು ಮಕ್ಕಳು ಅಂಗಳಕ್ಕೆ ಓಡಿ ಬಂದರೆ ಅಚ್ಚರಿಯೇನು?

ಬಾವಿಗಳನ್ನು ಮುಚ್ಚಿಡಿ ಎಂಬ ಸೂಚನೆಯೇನೋ ಇತ್ತು. ಆದರೆ ಕಾಸರಗೋಡಿನ ನೀರಿನ ವ್ಯವಸ್ಥೆ ಬಲ್ಲವರಿಗೆ ಅದರ ಪೊಳ್ಳುತನ ಅರ್ಥವಾಗುತ್ತದೆ. ಇಲ್ಲಿ ಎಷ್ಟೋ ಮನೆಗಳ ನೀರು ಬರುವುದು ಸುರಂಗಗಳಿಂದ. ಗುಡ್ಡದ ಹೊಟ್ಟೆಯೊಳಗೆ ಅಡ್ಡಲಾಗಿ ಕೊರೆದ ಈ ಗವಿಗಳಲ್ಲಿ ಜಿನುಗುವ ನೀರು ತಾನಾಗಿ ಅಂಗಳಕ್ಕೆ ಹರಿದು ಬರುತ್ತದೆ. ಗೇರು ತೋಟವಿರುವುದು ಗುಡ್ಡದ ನೆತ್ತಿಯಲ್ಲಿ. ಮನೆ, ತೋಡು, ಅಡಿಕೆ ತೋಟಗಳಿರುವುದು ಬುಡದಲ್ಲಿ. ಬಾವಿಗೆ ಮಡಲು ಮುಚ್ಚಬಹುದು. ಗುಡ್ಡಕ್ಕೆ ಏನು ಮುಚ್ಚುವುದು?

ಮೊದಲು ಸುಳಿವು ಕೊಟ್ಟದ್ದು ಜಾನುವಾರುಗಳು. 1979ರ ಸುಮಾರಿಗೆ ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ಕಾಲು ತಿರುಚಿದ ಕರುಗಳು ಹುಟ್ಟಿದವು. ಅದೇ ಊರಿನ ಕೃಷಿಕ ಪತ್ರಕರ್ತ ಶ್ರೀ ಪಡ್ರೆ ಸಿಂಪಡಣೆಯತ್ತ ಬೊಟ್ಟು ಮಾಡಿ ಬರೆದರು. ಜೇನ್ನೊಣಗಳು ಕಡಿಮೆಯಾದವು ಎಂದು ಜನ ಹೇಳಿದರು. ಯಾರೂ ಕಿವಿಗೊಡಲಿಲ್ಲ. ವಾಣಿನಗರದಲ್ಲಿ ವೃತ್ತಿ ನಡೆಸುತ್ತಿದ್ದ ಡಾ. ವೈ. ಎಸ್. ಮೋಹನ ಕುಮಾರ್ ಎಂಬ ಹಳ್ಳಿ ವೈದ್ಯರಿಗೆ, ಒಂದು ತೋಡಿನ ಆಸುಪಾಸಿನ ಮನೆಗಳಲ್ಲೇ ಅಪಸ್ಮಾರ, ಬುದ್ಧಿಮಾಂದ್ಯ, ಕ್ಯಾನ್ಸರ್ ಇಷ್ಟೊಂದು ಏಕೆ ಎಂಬ ಪ್ರಶ್ನೆ ಎದ್ದಿತು. ದೊಡ್ಡ ಆಸ್ಪತ್ರೆಯಲ್ಲಿ ಕುಳಿತವರಿಗೆ ಈ ಪ್ರಶ್ನೆ ಹೊಳೆಯುವುದು ಸುಲಭವಲ್ಲ; ರೋಗಿಯ ಮನೆ ಯಾವ ತೋಡಿನ ದಂಡೆಯಲ್ಲಿದೆ ಎಂಬುದು ಅವರಿಗೆ ತಿಳಿಯುವುದಿಲ್ಲ. ಪೆರಿಯದ ಕಡೆ ಲೀಲಾಕುಮಾರಿ ಅಮ್ಮ ನ್ಯಾಯಾಲಯದ ಮೆಟ್ಟಿಲೇರಿದರು. ಅವರು ಕೃಷಿ ಇಲಾಖೆಯದೇ ಉದ್ಯೋಗಿ! 1998ರಲ್ಲಿ ಹೊಸದುರ್ಗದ ಮುನ್ಸಿಫ್ ನ್ಯಾಯಾಲಯ ಆಕಾಶ ಸಿಂಪಡಣೆಗೆ ತಡೆಯಾಜ್ಞೆ ನೀಡಿತು.

ಆ ಮೇಲೆ ನಡೆದದ್ದು ವರದಿಗಳ ಯುದ್ಧ. 2001ರಲ್ಲಿ ದಿಲ್ಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಪಡ್ರೆಯ ಮಾದರಿಗಳಲ್ಲಿ ವಿಷದ ಶೇಷವಿದೆ ಎಂದಿತು. ನಿಗಮ ಮಾಡಿಸಿದ ಪರೀಕ್ಷೆ ಇಲ್ಲ ಎಂದಿತು. ಅಹ್ಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಸಿಂಪಡಣೆ ನಡೆಯದ ಮೀಂಜದ ಮಕ್ಕಳೊಂದಿಗೆ ಪಡ್ರೆಯ ಮಕ್ಕಳನ್ನು ಹೋಲಿಸಿ ನೋಡಿತು. ಗಂಡುಮಕ್ಕಳ ಪ್ರೌಢಾವಸ್ಥೆ ಇಲ್ಲಿ ತಡವಾಗುತ್ತಿದೆ ಎಂಬ ಡಾ. ಹಬೀಬುಲ್ಲಾ ಸೈಯದ್ ಮತ್ತು ಸಂಗಡಿಗರ ಪ್ರಬಂಧ 2003ರಲ್ಲಿ ಪ್ರಕಟವಾಯಿತು. ಕೇಂದ್ರ ಸರಕಾರದ ಸಮಿತಿಗಳು ಮಾತ್ರ ಸಂಬಂಧ ಸಾಬೀತಾಗಿಲ್ಲ ಎಂದೇ ಹೇಳುತ್ತಾ ಹೋದವು. ಪ್ರತಿಯೊಂದು ಕಾಯಿಲೆಗೂ ಎಂಡೋಸಲ್ಫಾನ್ ಒಂದೇ ಕಾರಣವೇ ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಭಿನ್ನಾಭಿಪ್ರಾಯವಿರುವುದು ನಿಜ. ಆದರೆ ಆ ಸಂಶಯದ ಲಾಭ ಇಪ್ಪತ್ತು ವರ್ಷ ಸಿಕ್ಕಿದ್ದು ವಿಷಕ್ಕೆ, ಮಕ್ಕಳಿಗಲ್ಲ. 2011ರ ಮೇ 13ರಂದು ಸುಪ್ರೀಂ ಕೋರ್ಟ್ ದೇಶದಾದ್ಯಂತ ಇದರ ತಯಾರಿ ಮತ್ತು ಮಾರಾಟಕ್ಕೆ ತಡೆಯೊಡ್ಡಿತು. ಸಂತ್ರಸ್ತರಿಗೆ ಮೂರು ತಿಂಗಳೊಳಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು 2017ರಲ್ಲಿ ಆದೇಶಿಸಿತು. ಮೂರು ತಿಂಗಳು ಮುಗಿಯಲಿಲ್ಲವೆಂದು ಜನ 2022ರಲ್ಲಿ ಮತ್ತೆ ಅದೇ ನ್ಯಾಯಾಲಯದ ಬಾಗಿಲಲ್ಲಿದ್ದರು.

ಗಡಿಯ ಈಚೆ ನಮ್ಮ ಬೆಳ್ತಂಗಡಿಯ ಕೊಕ್ಕಡ, ಪಟ್ರಮೆ, ನಿಡ್ಲೆಗಳ ಕಥೆಯೂ ಇದೇ. ಇಲ್ಲಿ ಸಿಂಪಡಿಸಿದ್ದು ಕರ್ನಾಟಕದ ಗೇರು ಅಭಿವೃದ್ಧಿ ನಿಗಮ. ಕಾಸರಗೋಡು ಪತ್ರಿಕೆಗಳ ಮುಖಪುಟಕ್ಕೆ ಬಂದು ಎಷ್ಟೋ ಕಾಲದ ಮೇಲೆ ಕೊಕ್ಕಡದ ಹೆಸರು ಬೆಂಗಳೂರಿಗೆ ಕೇಳಿಸಿತು. ಕರ್ನಾಟಕದ ನಿಷೇಧ ಬಂದದ್ದು 2011ರ ಫೆಬ್ರವರಿಯಲ್ಲಿ.

ಹಾಗಾದರೆ ಕೀಟಕ್ಕೇನು ಮಾಡಬೇಕಿತ್ತು? ಇದು ಕೃಷಿಕನ ನ್ಯಾಯವಾದ ಪ್ರಶ್ನೆ. ಕುಡಿ ಕರಟಿದರೆ ಅವನ ವರ್ಷದ ಆದಾಯ ಹೋಗುತ್ತದೆ. ಮಲೆನಾಡಿನವರು ಚಟ್ನಿ ಅರೆಯುವ ಚಗಳಿ ಇರುವೆ ಇದೆಯಲ್ಲ, ಎಲೆ ಹೆಣೆದು ಗೂಡು ಕಟ್ಟುವ ಆ ಕೆಂಪಿರುವೆ ಟೀ ಸೊಳ್ಳೆಯ ವೈರಿ. ಕಿತ್ತಳೆ ಜಾತಿಯ ತೋಟಗಳಿಗೆ ಈ ಇರುವೆಯ ಗೂಡು ತಂದು ಕಟ್ಟುವ ಪದ್ಧತಿಯನ್ನು ಚೀನೀಯರು ಕ್ರಿ.ಶ. ನಾಲ್ಕನೇ ಶತಮಾನದಲ್ಲೇ ಬರೆದಿಟ್ಟಿದ್ದಾರೆ. ಉತ್ತರ ಆಸ್ಟ್ರೇಲಿಯಾದ ಗೇರು ತೋಟಗಳಲ್ಲಿ 1990ರ ದಶಕದಲ್ಲಿ ಇದನ್ನು ಪ್ರಯೋಗಿಸಿ ಗೆದ್ದರು. ತೊಡಕಿಲ್ಲವೆಂದಲ್ಲ. ಈ ಇರುವೆ ಬೀಜ ಹೆಕ್ಕುವವರನ್ನೂ ಕಚ್ಚುತ್ತದೆ, ಹಿಟ್ಟುತಿಗಣೆಯನ್ನು ಸಾಕುತ್ತದೆ, ಎರಡು ಗೂಡಿನವು ಪರಸ್ಪರ ಕಾದಾಡುತ್ತವೆ. ಒಂದೊಂದು ಮರವನ್ನು ಗಮನಿಸುವ ತಾಳ್ಮೆ ಬೇಕು. ಗೆಲ್ಲು ಸವರಿ ಬೆಳಕು ಬಿಡಬೇಕು, ಕೀಟ ಕಂಡ ಮರಕ್ಕಷ್ಟೇ ನೆಲದಿಂದ ಉಪಚಾರ ಮಾಡಬೇಕು. ಹಿತ್ತಲಿನಲ್ಲಿ ಹತ್ತು ಮರವಿರುವವನಿಗೆ ಇದು ಸಾಧ್ಯ. ಸಾವಿರಾರು ಎಕರೆಗೆ ಒಂದು ಕಚೇರಿ, ಒಂದು ಹೆಲಿಕಾಪ್ಟರ್ ಇರುವ ನಿಗಮಕ್ಕೆ ಇದು ರಗಳೆ. ಎಂಡೋಸಲ್ಫಾನ್ ಬಿದ್ದಾಗ ಕೀಟದೊಂದಿಗೆ ಈ ಇರುವೆಯೂ ಸತ್ತಿತು ಎಂಬುದನ್ನು ಲೆಕ್ಕ ಪುಸ್ತಕದಲ್ಲಿ ಬರೆಯುವ ಕಲಂ ಇರಲಿಲ್ಲ.

2000ದ ನಂತರ ಕಾಸರಗೋಡಿನ ಗುಡ್ಡಗಳ ಮೇಲೆ ಹೆಲಿಕಾಪ್ಟರ್ ಹಾರಲಿಲ್ಲ. ಗೇರು ಮರಗಳು ಮಾತ್ರ ಹೂ ಬಿಡುವುದನ್ನು ನಿಲ್ಲಿಸಲಿಲ್ಲ.