ಮ್ಯಾಪ್ ತುಂಬ ಹಡಗುಗಳು: ಆ ಸ್ಕ್ರೀನ್‌ಶಾಟ್ ನಿಜವಾಗಿ ಏನು ಹೇಳುತ್ತದೆ?

ಭೂಪಟದ ತುಂಬ ಹಡಗುಗಳ ಬಣ್ಣದ ಗುರುತುಗಳಿರುವ ಸ್ಕ್ರೀನ್‌ಶಾಟ್ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಜೊತೆಗೆ ‘ಸಮುದ್ರದಲ್ಲಿ ಜಾಗವೇ ಇಲ್ಲ’, ‘ಯುದ್ಧಕ್ಕೆ ತಯಾರಿ’ ಎಂಬ ಒಕ್ಕಣೆ. ಚಿತ್ರ ಅಸಲಿಯೇ ಇರಬಹುದು. ಎಡವಟ್ಟಾಗುವುದು ಅದನ್ನು ಓದುವಲ್ಲಿ.

ಸಣ್ಣ ಲೆಕ್ಕ ಹಾಕಿ. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಅದನ್ನು 7 ಸೆಂ.ಮೀ. ಅಗಲದ ಮೊಬೈಲ್ ಪರದೆಗೆ ಇಳಿಸಿದರೆ, ಪರದೆಯ ಒಂದು ಮಿಲಿಮೀಟರ್ ಎಂದರೆ ಸುಮಾರು 570 ಕಿ.ಮೀ. ಬೆಂಗಳೂರಿನಿಂದ ಮಂಗಳೂರೂ ಅಷ್ಟು ದೂರವಿಲ್ಲ! ಅತಿ ದೊಡ್ಡ ಕಂಟೇನರ್ ಹಡಗುಗಳ ಉದ್ದವೇ ಸುಮಾರು 400 ಮೀಟರ್. ಕಣ್ಣಿಗೆ ಕಾಣಲಿ ಎಂದು ಗುರುತನ್ನು ದೊಡ್ಡದಾಗಿ ಹಾಕಿರುತ್ತಾರೆ, ಅಷ್ಟೆ. ಲಂಗರು ಹಾಕಿ ನಿಂತವು, ಮೀನುಗಾರಿಕೆ ದೋಣಿಗಳು, ಟಗ್‌ಗಳು ಕೂಡ ಅದರಲ್ಲಿ ಸೇರಿರುತ್ತವೆ.

ಹಡಗುಗಳು ಎಐಎಸ್, ವಿಮಾನಗಳು ಎಡಿಎಸ್-ಬಿ ಎಂಬ ರೇಡಿಯೊ ಸಂಕೇತ ಕಳಿಸುತ್ತವೆ. ಎತ್ತರದಲ್ಲಿರುವ ವಿಮಾನದ ಸಂಕೇತ ನೆಲದ ರಿಸೀವರ್‌ಗೆ ಸಿಗುವುದು ಸುಮಾರು 400 ಕಿ.ಮೀ.ವರೆಗೆ ಮಾತ್ರ. ಹಾಗಾಗಿ ಮಗಳು ಕೂತ ವಿಮಾನ ನಡುಸಮುದ್ರದ ಮೇಲೆ ಮ್ಯಾಪ್‌ನಿಂದ ಮಾಯವಾದರೆ, ಬಹುತೇಕ ಸಲ ರಿಸೀವರ್ ದೂರವಾಗಿದೆ ಎಂದಷ್ಟೇ ಅರ್ಥ. ‘ವಿಮಾನ ಕಾಣೆ’ ಎಂದು ಫಾರ್ವರ್ಡ್ ಮಾಡಿ ಇನ್ನೊಬ್ಬರ ಮನೆಯವರ ಎದೆ ಒಡೆಯಬೇಡಿ.

ಗುರುತುಗಳನ್ನು ಎಣಿಸಿ ವ್ಯಾಪಾರ ಅಳೆಯಲೂ ಆಗುವುದಿಲ್ಲ. ಜಾಗತಿಕ ಸರಕು ವ್ಯಾಪಾರದಲ್ಲಿ ಪ್ರಮಾಣದ ಲೆಕ್ಕಕ್ಕೆ ಶೇ. 80ಕ್ಕೂ ಹೆಚ್ಚು ಸಾಗುವುದು ಸಮುದ್ರದಲ್ಲಿ. ವಿಮಾನದ ಪಾಲು ಶೇ. 1ಕ್ಕಿಂತ ಕಡಿಮೆ. ಆದರೆ ಬೆಲೆ ಕೇಳಿದರೆ ಅದೇ ವಿಮಾನಕ್ಕೆ ಸುಮಾರು ಮೂರನೇ ಒಂದು ಪಾಲು! ಬೆಂಗಳೂರಿನ ಗುಲಾಬಿ ಬಾಡುವ ಮೊದಲು ತಲುಪಬೇಕು, ಅದಕ್ಕೆ ವಿಮಾನ. ಮಂಗಳೂರಿನ ಕಾಫಿ ವಾರಗಟ್ಟಲೆ ಕಾಯಬಲ್ಲದು, ಅದಕ್ಕೆ ಹಡಗು.

ಬಂದರುಗಳ ಅಂಕಿಗಳಲ್ಲೂ ಒಂದು ಮರ್ಮವಿದೆ. ಕೊಲಂಬೊದಲ್ಲಿ ಹಡಗು ಬದಲಿಸುವ ಕಂಟೇನರ್ ಇಳಿಸುವಾಗ ಒಮ್ಮೆ, ಮತ್ತೆ ಏರಿಸುವಾಗ ಇನ್ನೊಮ್ಮೆ ಲೆಕ್ಕಕ್ಕೆ ಬರುತ್ತದೆ.

ಅದಕ್ಕೇ ಸಾಗಣೆಯನ್ನು ಅಳೆಯುವವರು ತೂಕವನ್ನು ದೂರದಿಂದ ಗುಣಿಸಿ ‘ಟನ್-ಕಿಲೋಮೀಟರ್’ ಬಳಸುತ್ತಾರೆ. ಅದನ್ನೂ ನೋಡಿಕೊಂಡೇ ಓದಬೇಕು. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದ ಮೇಲೆ, ಯುರೋಪಿಗೆ ಹೋಗುವ ಬಹಳಷ್ಟು ಹಡಗುಗಳು ಸೂಯೆಜ್ ಬಿಟ್ಟು ಆಫ್ರಿಕಾ ಸುತ್ತಿ ಹೋದವು. ಹಡಗಿನಲ್ಲಿದ್ದ ಕಾಫಿ ಅಷ್ಟೇ, ಕಿಲೋಮೀಟರ್ ಮಾತ್ರ ಸಾವಿರಗಟ್ಟಲೆ ಹೆಚ್ಚು. ಒಂದು ಮೂಟೆಯೂ ಹೆಚ್ಚು ಮಾರಾಟವಾಗದೆ ಟನ್-ಕಿಲೋಮೀಟರ್ ಏರಿತು, ಜೊತೆಗೆ ಬಾಡಿಗೆಯೂ.